ಹತ್ತಡಿ ಜಾಗ, ಹನ್ನೆರಡು ಲಕ್ಷ ಲೀಟರ್ ನೀರು: ಬೆಳ್ತಂಗಡಿ ಸೀಮೆಯ ಮನೆರಸ್ತೆಗಳ ಒಂದು ಅಧ್ಯಯನ

ದಕ್ಷಿಣ ಕನ್ನಡದ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಭಾಗದಲ್ಲಿ ಬಯಲುಸೀಮೆಯಂತೆ ಒತ್ತಾಗಿ ಕೂಡಿ ನಿಂತ ಊರುಗಳು ವಿರಳ. ಪ್ರತಿಯೊಂದು ಮನೆಯೂ ಅದರ ಅಡಿಕೆ ತೋಟದ ತಲೆಯಲ್ಲಿ, ಗುಡ್ಡೆಯ ಬದಿಗೆ, ಬೇರೆ ಮನೆಗಳಿಂದ ದೂರ ನಿಂತಿರುತ್ತದೆ. ಪಂಚಾಯತ್ ರಸ್ತೆ ಬಿಟ್ಟ ಮೇಲೆ ಅಂಗಳ ಮುಟ್ಟಲು ನೂರು ಮೀಟರ್ ಆಗಬಹುದು, ಅರ್ಧ ಕಿಲೋಮೀಟರ್ ಕೂಡ ಆಗಬಹುದು. ಆ ದಾರಿಯನ್ನು ಮನೆಯವರೇ ಕಡಿಸಬೇಕು, ಅವರೇ ದುರಸ್ತಿ ಮಾಡಿಸಬೇಕು. ಸರಕಾರದ ರಸ್ತೆ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ, ಲೋಕೋಪಯೋಗಿ ಇಲಾಖೆಯ ಎಂಜಿನಿಯರು ಅದನ್ನು ನೋಡುವುದೂ ಇಲ್ಲ. ಜಿಲ್ಲೆಯ ರಸ್ತೆಗಳ ಬಗ್ಗೆ ಬರೆದವರೂ ಹೆದ್ದಾರಿ, ಘಾಟಿ, ಸೇತುವೆಗಳಿಗೆ ನಿಲ್ಲುತ್ತಾರೆ. ಚಾರ್ಮಾಡಿಯಲ್ಲಿ ಗುಡ್ಡ ಜರಿದರೆ ಸುದ್ದಿಯಾಗುತ್ತದೆ, ಮನೆಯ ದಾರಿಯ ಬರೆ ಜರಿದರೆ ಮನೆಯವರೇ ಹಾರೆ ಹಿಡಿಯುತ್ತಾರೆ.

ಈ ಮನೆರಸ್ತೆಗಳಿಗೆ ಡಾಂಬರು ಹಾಕಿಸಿದವರಲ್ಲಿ ಹಲವರ ದೂರು ಒಂದೇ: ಎರಡು ಮಳೆಗಾಲ ಕಳೆಯುವುದರೊಳಗೆ ಎದ್ದು ಹೋಯಿತು. ತಪ್ಪನ್ನು ಗುತ್ತಿಗೆದಾರನ ಮೇಲೋ ಡಾಂಬರಿನ ಗುಣಮಟ್ಟದ ಮೇಲೋ ಹೊರಿಸುವುದು ವಾಡಿಕೆ. ಅಲ್ಲೊಂದು ಇಲ್ಲೊಂದು ಕಡೆ ಅದು ನಿಜವೂ ಇರಬಹುದು. ಆದರೆ ರಸ್ತೆಯ ಆಯುಷ್ಯ ಡಾಂಬರಿನ ಟಿಪ್ಪರು ಬರುವ ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ಈ ಲೇಖನದ ವಾದ. ಅದನ್ನು ತೀರ್ಮಾನಿಸುವುದು ಜೇಸಿಬಿ ಕಡಿದ ಆಳ, ನೀರಿಗೆ ಬಿಟ್ಟ ದಾರಿ, ಮತ್ತು ಇವೆರಡರಷ್ಟೇ ಮುಖ್ಯವಾಗಿ, ಜಾಗದ ಕಾಗದ.

ಮೊದಲು ನೆಲ. ಈ ಸೀಮೆಯ ಗುಡ್ಡೆಗಳ ಮೇಲ್ಪದರ ಮುರಕಲ್ಲು. 1801ರಲ್ಲಿ ದಕ್ಷಿಣ ಕನ್ನಡವನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದ ಬರಹವನ್ನು 1807ರಲ್ಲಿ ಪ್ರಕಟಿಸಿದ. ಮಲಬಾರಿನಲ್ಲಿ ಕಂಡ ಇದೇ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಆ ಬರಹದಲ್ಲೇ. ನೆಲದೊಳಗಿದ್ದಾಗ ಕೊಡಲಿಗೆ ಸಿಗುವಷ್ಟು ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುವ ಗುಣವನ್ನು ಆತ ಗಮನಿಸಿದ್ದ. ಮೂಡುಬಿದಿರೆಯ ಹಳೆಯ ಪಾಗಾರಗಳು ಇಂದಿಗೂ ನಿಂತಿರುವುದು ಈ ಗುಣದಿಂದ. ಮೂಡುಬಿದಿರೆ, ಬಂಟ್ವಾಳದ ಪದವುಗಳಲ್ಲಿ ಮುರದ ಹೊದಿಕೆ ದಪ್ಪ, ಘಟ್ಟದ ಬುಡಕ್ಕೆ ಹೋದಂತೆ ಮಣ್ಣೇ ಹೆಚ್ಚು.

ಮುರದ ಕೆಳಗಿನ ಪದರದ ಕಡೆಗೆ ಮನೆ ಕಟ್ಟುವವರ ಗಮನ ಹೋಗುವುದು ಕಡಿಮೆ. ಅದು ಶೇಡಿ ಮಣ್ಣು. ಬಿಳಿ, ನಸುಗೆಂಪು, ಹಳದಿ ಬಣ್ಣಗಳು ಬೆರೆತ, ಮುಟ್ಟಿದರೆ ಹಿಟ್ಟಿನಂತೆ ನುಣ್ಣಗಿರುವ ಮಣ್ಣು. ಬೇಸಿಗೆಯಲ್ಲಿ ಅದರ ಬರೆಯನ್ನು ನೆಟ್ಟಗೆ ಕಡಿದರೂ ನಿಲ್ಲುತ್ತದೆ, ಪಿಕಾಸಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಆಟಿ ತಿಂಗಳಲ್ಲಿ ಅದೇ ಬರೆಯ ಬುಡಕ್ಕೆ ಹೆಬ್ಬೆರಳು ಒತ್ತಿ ನೋಡಿದರೆ ಬೆರಳು ಒಳಗೆ ಇಳಿಯುತ್ತದೆ, ಜೊತೆಗೆ ಹಾಲಿನಂಥ ನೀರು ಒಸರುತ್ತದೆ. ನೀರು ಕುಡಿದ ಶೇಡಿ ತನ್ನ ಬಲವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ ಎಂಬುದನ್ನು ಸುರತ್ಕಲ್ಲಿನ ಎನ್‌ಐಟಿಕೆಯ ಮಣ್ಣು ತಂತ್ರಜ್ಞರು ಮತ್ತೆ ಮತ್ತೆ ಪರೀಕ್ಷಿಸಿ ತೋರಿಸಿದ್ದಾರೆ. ರಸ್ತೆಯ ತಳಮಣ್ಣಿನ ಬಲ ಅಳೆಯುವ ಸಿಬಿಆರ್ ಪರೀಕ್ಷೆಯಲ್ಲಿ ಮಾದರಿಯನ್ನು ನಾಲ್ಕು ದಿನ ನೀರಿನಲ್ಲಿ ನೆನೆಸುವ ಕ್ರಮವಿದೆ. ನಮ್ಮಲ್ಲಿ ಆ ನೆನೆಸುವ ಕೆಲಸವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ಮಾಡುತ್ತದೆ.

ಹಳೆಯ ಕಾಲುದಾರಿ ಗುಡ್ಡೆಯನ್ನು ಸುತ್ತಿ ಹತ್ತುತ್ತಿತ್ತು. ಕಾರಿಗೆಂದು ಜೇಸಿಬಿ ತರಿಸಿದಾಗ ನೇರ ದಾರಿಯ ಆಸೆ ಹುಟ್ಟುತ್ತದೆ, ಏರು ತಗ್ಗಿಸಲೆಂದು ಗುಡ್ಡೆಯ ನೆತ್ತಿಯನ್ನು ಆಳಕ್ಕೆ ಕಡಿಯುತ್ತಾರೆ. ಅಲ್ಲಿಗೆ ಗಟ್ಟಿ ಮುರದ ಪದರ ಲಾರಿ ಹತ್ತಿ ಹೋಗುತ್ತದೆ, ರಸ್ತೆಯ ತಳ ಶೇಡಿಯ ಮೇಲೆ ಕೂರುತ್ತದೆ. ಕಡಿದ ಮಣ್ಣನ್ನು ಕೆಳಗಿನ ಗದ್ದೆಗೆ ತುಂಬಿ ಅಲ್ಲಿಯೂ ದಾರಿ ಮಾಡುವುದುಂಟು. ಬೈಲಿನ ಕಟ್ಟಪುಣಿ ಅಗಲವಾಗಿ ರಸ್ತೆಯಾದ ಉದಾಹರಣೆಗಳು ಈ ಮೂರೂ ತಾಲೂಕುಗಳಲ್ಲಿ ಹೇರಳ. ಹೀಗೆ ಒಂದೇ ಮನೆರಸ್ತೆಯ ಮೇಲ್ಭಾಗ ಶೇಡಿಯ ಮೇಲೆ, ಕೆಳಭಾಗ ಕೂರದ ತುಂಬು ಮಣ್ಣಿನ ಮೇಲೆ ನಿಂತು, ನಡುವಿನ ಒಂದಷ್ಟು ಉದ್ದ ಮಾತ್ರ ಗಟ್ಟಿನೆಲದಲ್ಲಿ ಉಳಿಯುತ್ತದೆ. ಡಾಂಬರು ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಬಿಟ್ಟಿಲ್ಲ ಎಂದು ನೋಡಿಕೊಂಡು ನಡೆದರೆ ಈ ಮೂರು ತುಂಡುಗಳ ಗಡಿ ತಾನಾಗಿ ಕಾಣುತ್ತದೆ.

ಇನ್ನು ನೀರು. ಘಟ್ಟದ ಬುಡದ ಬೆಳ್ತಂಗಡಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ನೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ರಸ್ತೆಯ ಮೇಲೆ ನೇರವಾಗಿ ಬೀಳುವುದೇ ವರ್ಷಕ್ಕೆ 12 ಲಕ್ಷ ಲೀಟರ್ ಆಯಿತು. ಒಂದು ದಿನದಲ್ಲಿ 100 ಮಿಲಿಮೀಟರ್ ಸುರಿದರೆ, ಜುಲೈಯಲ್ಲಿ ಅದು ಅಪರೂಪದ ಲೆಕ್ಕವೇನೂ ಅಲ್ಲ, 30,000 ಲೀಟರ್. ಮೇಲಿನ ಗುಡ್ಡೆಯಿಂದ ಇಳಿದು ಬರುವ ನೀರು ಈ ಲೆಕ್ಕಕ್ಕೆ ಸೇರಿಲ್ಲ. ಮಣ್ಣಿನ ರಸ್ತೆಯಾದರೆ ಒಂದಿಷ್ಟು ಇಂಗುತ್ತದೆ, ಮೇಲೆ ಡಾಂಬರು ಬಿದ್ದ ಮೇಲೆ ಅಷ್ಟೂ ಹರಿಯಲೇಬೇಕು. 2019ರ ಆಗಸ್ಟಿನ ನೆರೆಯಲ್ಲಿ ಚಾರ್ಮಾಡಿ ಸುತ್ತಿನ ತೋಡುಗಳು ಉಕ್ಕಿ ತೋಟಗಳಿಗೆ ನುಗ್ಗಿದ ಮೇಲಂತೂ ಮಳೆಯನ್ನು ಸರಾಸರಿಯಲ್ಲಿ ಅಳೆದು ಮೋರಿಯ ಪೈಪು ತರುವುದು ಸಾಲದು.

ರಸ್ತೆಯ ಅಡ್ಡ ಇಳಿಜಾರಿಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡಗಳಿವೆ. ಹೆಚ್ಚು ಮಳೆಯ ಪ್ರದೇಶದಲ್ಲಿ ತೆಳು ಡಾಂಬರಿಗೆ ಕನಿಷ್ಠ ಶೇ. 2.5 ಬೇಕು. ಶೇ. 3 ಇಟ್ಟುಕೊಂಡರೂ ಒಂದೇ ಬದಿಗೆ ವಾಲಿಸಿದ ಮೂರು ಮೀಟರ್ ಅಗಲದಲ್ಲಿ ಒಂಬತ್ತು ಸೆಂಟಿಮೀಟರ್ ವ್ಯತ್ಯಾಸ, ಅಂದರೆ ಒಂದು ಗೇಣಿಗಿಂತಲೂ ಕಡಿಮೆ. ಉದ್ದದ ಏರು ಇದಕ್ಕೆ ಪೂರ್ತಿ ವ್ಯತಿರಿಕ್ತ. ಗುಡ್ಡಗಾಡಿನ ಸಾರ್ವಜನಿಕ ರಸ್ತೆಗೆ ಸಾಮಾನ್ಯವಾಗಿ ಒಪ್ಪುವುದು ಸುಮಾರು ಹದಿನಾರು ಮೀಟರಿಗೆ ಒಂದು ಮೀಟರ್ ಏರು. ನಮ್ಮ ಮನೆರಸ್ತೆಗಳಲ್ಲಿ ಎಂಟಕ್ಕೆ ಒಂದು, ಆರಕ್ಕೆ ಒಂದು ಇರುವ ತಿರುವುಗಳಿವೆ. ಅಂಥಲ್ಲಿ ನೀರು ಅಡ್ಡಕ್ಕೆ ಇಳಿದು ಕಣಿ ಸೇರುವ ಮೊದಲೇ ಉದ್ದಕ್ಕೆ ಓಡಲು ತೊಡಗುತ್ತದೆ, ಚಕ್ರದ ಜಾಡಿನಲ್ಲಿ ಸೇರಿಕೊಂಡು ಕೆಳಗಿನ ತುದಿಯವರೆಗೂ ಹೋಗುತ್ತದೆ. ಮನೆರಸ್ತೆ ಪಂಚಾಯತ್ ರಸ್ತೆಯನ್ನು ಸೇರುವ ಬಾಯಲ್ಲೇ ಮೊದಲ ಹೊಂಡ ಬೀಳುವುದಕ್ಕೆ ಕಾರಣ ಇದು. ಅಲ್ಲೊಂದು ಪೈಪ್ ಮೋರಿ ಇರಬೇಕಿತ್ತು. ಹಲವು ಕಡೆ ಇರುವುದಿಲ್ಲ, ಇದ್ದರೂ ಅಡಿಕೆ ಹಾಳೆ ಸಿಕ್ಕಿ ಕಟ್ಟಿಕೊಂಡಿರುತ್ತದೆ.

ಈಗ ಡಾಂಬರಿಗೆ ಬರೋಣ. ಹಳ್ಳಿ ರಸ್ತೆಗಳಿಗೆ ಹಾಕುವ 20 ಮಿಲಿಮೀಟರ್ ಪ್ರೀಮಿಕ್ಸ್ ಕಾರ್ಪೆಟ್ಟಿಗೆ ಹತ್ತು ಚದರ ಮೀಟರಿಗೆ 14.6 ಕೆ.ಜಿ. ಬಿಟುಮೆನ್ ಎಂಬುದು ಪ್ರಮಾಣ. ನೂರು ಮೀಟರ್ ಮನೆರಸ್ತೆಗೆ ಲೆಕ್ಕ ಹಾಕಿದರೆ ಸುಮಾರು 440 ಕೆ.ಜಿ., ಸೀಲ್ ಕೋಟ್ ಸೇರಿದರೆ 730ರ ಆಸುಪಾಸು. ಇಷ್ಟು ಸಣ್ಣ ಕೆಲಸಕ್ಕೂ ಬಿಸಿ ಮಿಶ್ರಣದ ಘಟಕ, ಟಿಪ್ಪರು, ಎಂಟು ಹತ್ತು ಟನ್ನಿನ ರೋಲರು, ಅದನ್ನು ಹೊತ್ತು ತರುವ ಟ್ರೇಲರು ಎಲ್ಲವೂ ಬೇಕು. ಮಿಶ್ರಣ ಆರುವುದರೊಳಗೆ ಉರುಳಿಸಿ ಮುಗಿಸಬೇಕು. ಮಂಗಳೂರಿನ ಕುತ್ತೆತ್ತೂರಿನ ಎಂಆರ್‌ಪಿಎಲ್‌ನಲ್ಲೇ ಬಿಟುಮೆನ್ ತಯಾರಾಗುತ್ತದೆ, ಆದರೂ ಇಲ್ಲಿಯ ಮನೆರಸ್ತೆಗೆ ಡಾಂಬರು ಅಗ್ಗವಾಗಿಲ್ಲ. ವೆಚ್ಚವೆಲ್ಲ ಯಂತ್ರ ಬಂದು ಹೋಗುವುದರಲ್ಲಿದೆ. ಹಾಗಾಗಿ ಹತ್ತಿರದಲ್ಲಿ ಸರಕಾರಿ ರಸ್ತೆಯ ಕೆಲಸ ನಡೆಯುವಾಗ ಗುತ್ತಿಗೆದಾರನನ್ನು ಕಂಡು ಮಾತಾಡಿ, ತಳ ಹದವಾಗಿದೆಯೋ ಇಲ್ಲವೋ ನೋಡದೆ ಅವಸರದಲ್ಲಿ ಹಾಕಿಸಿಕೊಳ್ಳುವುದಾಗುತ್ತದೆ.

ಅದರ ಮೇಲೆ, ಈ ಕಾರ್ಪೆಟ್ ಸ್ವಭಾವತಃ ರಂಧ್ರಗಳುಳ್ಳದ್ದು, ಸೀಲ್ ಕೋಟ್ ಇಲ್ಲದಿದ್ದರೆ ನೀರನ್ನು ಒಳಗೆ ಬಿಡುತ್ತದೆ. ಇಲ್ಲಿಯ ಕೋರೆಗಳ ಜಲ್ಲಿ ಸಿಲಿಕಾ ಹೆಚ್ಚಿರುವ ಶಿಲೆಯದು, ಅಂಥ ಕಲ್ಲು ಡಾಂಬರಿಗಿಂತ ನೀರಿಗೆ ಬೇಗ ಒಲಿಯುತ್ತದೆ. ತೋಟದ ನೆರಳಿನಲ್ಲಿ ನಾಲ್ಕು ತಿಂಗಳು ಒಣಗದ ರಸ್ತೆಯಲ್ಲಿ ಜಲ್ಲಿಯ ಮೈಯಿಂದ ಡಾಂಬರು ಬಿಟ್ಟುಕೊಳ್ಳುತ್ತದೆ. ಅಕ್ಟೋಬರಿನಲ್ಲಿ ಅಂಚಿನ ಒಂದು ತುಂಡು ಎತ್ತಿ ನೋಡಿದರೆ ಕೆಳಮೈಯ ಕಲ್ಲುಗಳು ತೊಳೆದಿಟ್ಟಂತೆ ಬೆಳ್ಳಗಿರುತ್ತವೆ.

ವಾಹನದ ಭಾರದ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ಬಂದ ಸ್ಥೂಲ ಸೂತ್ರದಂತೆ, ಹಾನಿ ಅಚ್ಚಿನ ಭಾರದ ನಾಲ್ಕನೆಯ ಘಾತದಲ್ಲಿ ಏರುತ್ತದೆ. ಏಳುನೂರು ಕೆ.ಜಿ.ಯ ಕಾರಿನ ಅಚ್ಚು ಹದಿನೆಂಟು ಸಾವಿರ ಸಲ ಹಾದರೆ ಎಂಟು ಟನ್ ದಾಟಿದ ಒಂದು ಪ್ರಮಾಣ ಅಚ್ಚಿಗೆ ಸಮ. ಮನೆಯವರ ಕಾರು ಬೈಕುಗಳಿಂದ ರಸ್ತೆ ಹಾಳಾಗುವುದಿಲ್ಲ. ಕೊಟ್ಟಿಗೆ ಕಟ್ಟಲೆಂದು ಮಳೆಗಾಲದಲ್ಲಿ ತರಿಸಿದ ಕೆಂಪುಕಲ್ಲಿನ ಒಂದು ಲೋಡು ಸಾಕು.

ಹೀಗಾಗಿ ಏರಿನಲ್ಲಿ ಜನ ಕಾಂಕ್ರೀಟಿಗೆ ತಿರುಗಿದ್ದು ಸರಿಯಾದ ತೀರ್ಮಾನ. ಅದಕ್ಕೆ ಊರಿನ ಮೇಸ್ತ್ರಿ, ಒಂದು ಮಿಕ್ಸರ್, ನಾಲ್ಕಾರು ಆಳು ಇದ್ದರೆ ಆಯಿತು, ಹಂತ ಹಂತವಾಗಿಯೂ ಮಾಡಬಹುದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿಯಲ್ಲಿ ಶುರುವಾದದ್ದು, ಅದರ ಪ್ರಗತಿಬಂಧು ತಂಡಗಳ ವಾರದ ಶ್ರಮವಿನಿಮಯದಂಥ ಪದ್ಧತಿಗೆ ಒಗ್ಗುವ ಕೆಲಸ ಇದು. ಡಾಂಬರಿಗೆ ಅದು ಒಗ್ಗದು. ಪೂರ್ತಿ ಅಗಲಕ್ಕೆ ಆರಿಂಚು ದಪ್ಪ ಹಾಕಿದರೆ ನೂರು ಮೀಟರಿಗೆ 45 ಘನಮೀಟರ್ ಕಾಂಕ್ರೀಟ್ ಬೇಕು. ಚಕ್ರ ಹೋಗುವಲ್ಲಿ ಮಾತ್ರ ಎರಡೆರಡು ಅಡಿಯ ಪಟ್ಟಿ ಹಾಕಿದರೆ 18ರಲ್ಲಿ ಮುಗಿಯುತ್ತದೆ, ನಡುವಿನ ಹುಲ್ಲಿನಲ್ಲಿ ನೀರೂ ಇಂಗುತ್ತದೆ. ನನ್ನ ಮಟ್ಟಿಗೆ ಈ ಸೀಮೆಯ ಬಹುಪಾಲು ಮನೆರಸ್ತೆಗಳಿಗೆ ಪಟ್ಟಿ ಕಾಂಕ್ರೀಟೇ ತಕ್ಕದ್ದು. ಅಂಗಳದವರೆಗೆ ಕಪ್ಪಗೆ ಮಿಂಚುವ ರಸ್ತೆ ಮದುವೆ ಮನೆಗೆ ಚೆಂದ, ಅಷ್ಟೆ. ಕಾಂಕ್ರೀಟಿಗೂ ಕೊರತೆಯಿದೆ: ತೋಟದ ನೆರಳಿನಲ್ಲಿ ಹಾವಸೆ ಕಟ್ಟಿ ಬೈಕು ಜಾರುತ್ತದೆ. ಹಸಿಯಿರುವಾಗಲೇ ಹಿಡಿಸೂಡಿಯಿಂದ ಅಡ್ಡಗೆರೆ ಎಳೆಯುವ ಮೇಸ್ತ್ರಿಗಳು ಇದನ್ನು ಅರಿತವರು.

ಯಾವುದನ್ನೇ ಹಾಕಿದರೂ ಬದಿಯಲ್ಲಿ ಕಣಿ ಇರಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೂ ಇರುವುದಿಲ್ಲ. ಅದರ ಕಾರಣ ಎಂಜಿನಿಯರಿಂಗಿನಲ್ಲಿ ಸಿಗುವುದಿಲ್ಲ, ಜಮೀನಿನ ಚರಿತ್ರೆಯಲ್ಲಿ ಹುಡುಕಬೇಕು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು. ಅದು ಆಗಬೇಕಾದ ನ್ಯಾಯವೇ ಆಗಿತ್ತು. ಒಬ್ಬ ಧಣಿಯ ವರ್ಗ (ಪಟ್ಟಾ) ಜಾಗದೊಳಗಿನ ಕಾಲುದಾರಿಗಳು ಮಾತ್ರ ಆ ಕ್ಷಣದಿಂದ ನಾಲ್ಕೈದು ಡಿಕ್ಲರೇಶನ್ ಜಾಗಗಳನ್ನು, ಅಂದರೆ ಗೇಣಿದಾರರ ಹಕ್ಕಿಗೆ ಬಂದ ಜಾಗಗಳನ್ನು, ಹಾದುಹೋಗುವ ದಾರಿಗಳಾದವು. ಮುಂದೆ ಪಾಲುಪಟ್ಟಿ, ಕ್ರಯಗಳಿಂದ ಅವು ಇನ್ನಷ್ಟು ತುಂಡಾದವು. ಕೆಲವೆಡೆ ದಾರಿ ಕುಮ್ಕಿಯಲ್ಲಿದೆ. ಅಲ್ಲಿ ಸೊಪ್ಪು, ಹುಲ್ಲು, ಕಟ್ಟಿಗೆಯ ಸವಲತ್ತು ವರ್ಗದಾರನದಾದರೂ ನೆಲ ಸರಕಾರದ್ದು.

ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿದ್ದುದರಿಂದ 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ ಇಲ್ಲಿಗೆ ಮೊದಲಿನಿಂದಲೂ ಅನ್ವಯಿಸಿದೆ. ಇಪ್ಪತ್ತು ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕಿನಿಂದ ನಡೆದ ದಾರಿಯ ಮೇಲೆ ಅನುಭೋಗದ ಹಕ್ಕು ಹುಟ್ಟುತ್ತದೆ, ಸರಕಾರಿ ನೆಲದಲ್ಲಾದರೆ ಮೂವತ್ತು ವರ್ಷ ಬೇಕು. ಆದರೆ ನೆರೆಯವನು ಬಾಯಿಮಾತಿನಲ್ಲಿ ಒಪ್ಪಿ ಬಿಟ್ಟ ದಾರಿ ಎಷ್ಟು ವರ್ಷ ಕಳೆದರೂ ಅನುಮತಿಯಾಗಿಯೇ ಉಳಿಯುತ್ತದೆ. ಅದೇ ಕಾಯ್ದೆಯ 28ನೆಯ ಕಲಮಿನ ಪ್ರಕಾರ ಒಂದು ಬಗೆಯ ದಾರಿಯ ಹಕ್ಕು ಇನ್ನೊಂದು ಬಗೆಯದನ್ನು ಒಳಗೊಳ್ಳುವುದಿಲ್ಲ, ಅನಿವಾರ್ಯತೆಯಿಂದ ಬಂದ ಹಕ್ಕು ಅದು ಹುಟ್ಟಿದಾಗಿನ ಅಗತ್ಯದಷ್ಟೇ. ತಲೆಹೊರೆಯಲ್ಲಿ ಅಡಿಕೆ ಸಾಗಿಸಿದ ದಾರಿ ತಾನಾಗಿ ಪಿಕಪ್ ರಸ್ತೆಯಾಗುವುದಿಲ್ಲ.

ಆದ್ದರಿಂದ ಕಾರಿನ ಕಾಲದಲ್ಲಿ ನೆರೆಯವರಿಂದ ಹೊಸದಾಗಿ ಜಾಗ ಪಡೆಯಬೇಕಾಯಿತು. ಅಡಿಕೆ ಮರ ಕಡಿದು ಕೊಡುವವನು ಹತ್ತಡಿ ಕೊಟ್ಟರೆ ಅದೇ ಉದಾರ. ಪತ್ರದಲ್ಲೂ ‘ಹತ್ತು ಅಡಿ ಅಗಲದ ರಸ್ತೆ’ ಎಂದಷ್ಟೇ ಬರೆಸುತ್ತಾರೆ. ಆ ಹತ್ತಡಿಯನ್ನೂ ಮನೆಯವರು ಗಾಡಿ ಹೋಗುವುದಕ್ಕೆಂದು ಬಳಸಿಬಿಡುತ್ತಾರೆ. ಕಣಿಗೆ ಜಾಗವಿಲ್ಲ, ಬರೆಯನ್ನು ಓರೆಯಾಗಿ ಕಡಿಯಲೂ ಜಾಗವಿಲ್ಲ, ಆದ್ದರಿಂದ ನೆಟ್ಟಗೆ ಕಡಿಯುತ್ತಾರೆ. ರಸ್ತೆಯ ನೀರನ್ನು ಪಕ್ಕದ ತೋಟಕ್ಕೆ ಬಿಟ್ಟರೆ ಜಗಳ, ಏಕೆಂದರೆ ನಡೆಯುವ ಹಕ್ಕಿನಲ್ಲಿ ನೀರು ಬಿಡುವ ಹಕ್ಕು ಅಡಗಿಲ್ಲ. ಕೊನೆಗೆ ಹನ್ನೆರಡು ಲಕ್ಷ ಲೀಟರಿಗೆ ಉಳಿಯುವುದು ರಸ್ತೆಯ ಮೈಯೊಂದೇ. ಪಂಚಾಯತ್ ಅನುದಾನ ಬೇಕೆಂದು ರಸ್ತೆಯನ್ನು ಸಾರ್ವಜನಿಕಕ್ಕೆ ಬಿಟ್ಟುಕೊಟ್ಟವರೂ ಇದೇ ಹತ್ತಡಿಯನ್ನು ಬಿಟ್ಟುಕೊಡುತ್ತಾರೆ.

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನ ಕುತ್ಲೂರಿನಂಥ ಕಡೆಯ ಮಲೆಕುಡಿಯ ಬುಡಕಟ್ಟಿನವರ ಮನೆಗಳ ಪ್ರಶ್ನೆ ಬೇರೆ. ಅಲ್ಲಿ ದಾರಿ ಅರಣ್ಯದೊಳಗೆ ಸಾಗುತ್ತದೆ, ಮನೆಯವರು ಸ್ವಂತ ಹಣ ಹಾಕಿದರೂ ಡಾಂಬರು ಹಾಕುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೆಯ ಕಲಮು ಗ್ರಾಮಸಭೆಯ ಶಿಫಾರಸಿನ ಮೇಲೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು ರಸ್ತೆಯಂಥ ಸೌಕರ್ಯಕ್ಕೆ ಕೊಡಲು ಅವಕಾಶ ಮಾಡಿದೆ. ಆ ಹಾದಿಯ ಅಡೆತಡೆಗಳಿಗೆ ಪ್ರತ್ಯೇಕ ಅಧ್ಯಯನವೇ ಬೇಕು.

ಉಳಿದವರಿಗೆ ಹೇಳುವುದಿಷ್ಟು. ರಸ್ತೆಗೆ ಜಾಗ ಬರೆಸಿಕೊಳ್ಳುವಾಗ ಹತ್ತಡಿಯ ಜೊತೆಗೆ ಕಣಿಗೆ ಇನ್ನೆರಡು ಅಡಿ ಕೇಳಿ. ನೀರು ಯಾವ ಸರ್ವೆ ನಂಬರಿನ ಯಾವ ತೋಡಿಗೆ ಬೀಳಬೇಕು, ಮೋರಿ ಎಲ್ಲಿ, ಅದನ್ನು ಬಿಡಿಸುವ ಹೊಣೆ ಯಾರದು ಎಂಬುದನ್ನು ನಕ್ಷೆ ಸಮೇತ ಅದೇ ಪತ್ರದಲ್ಲಿ ಬರೆಸಿ, ನೋಂದಣಿ ಮಾಡಿಸಿ. ಡಾಂಬರೋ ಕಾಂಕ್ರೀಟೋ ಎಂಬ ಚರ್ಚೆ ಆಮೇಲೆ ಮಾಡಬಹುದು.