ಸವೆಯಬೇಕಾದದ್ದು ಯಾವುದು?

ಹೊಸಪೇಟೆಯಿಂದ ಬಳ್ಳಾರಿ ಕಡೆ ಹೊರಟರೆ ತೋರಣಗಲ್ಲು ಬರುವಷ್ಟರಲ್ಲಿ ಕಾರಿನ ಬಣ್ಣ ಬದಲಾಗಿರುತ್ತೆ. ಅದಿರಿನ ಲಾರಿಗಳ ಹಿಂದೆ ಹತ್ತು ನಿಮಿಷ ಹೋದರೆ ಸಾಕು, ಬಿಳಿ ಕಾರು ಕೆಮ್ಮಣ್ಣಿನದಾಗುತ್ತೆ. ತೋರಣಗಲ್ಲಿನ ಪಕ್ಕದ ಊರೇ ಕುರೆಕುಪ್ಪ. ನಮ್ಮ ಕಾರು ಕೈಕೊಟ್ಟಿದ್ದು ಅಲ್ಲಿ.

ಕಾರು ಗೆಳೆಯನದು, ಹಳೇ ಪ್ರೀಮಿಯರ್ ಪದ್ಮಿನಿ. ಅದಕ್ಕೆ ರೇಸಿನ ಕ್ಯಾಮ್‌ಶಾಫ್ಟ್ ಹಾಕಿಸಬೇಕು ಅನ್ನೋದು ಅವನ ಕಾಲೇಜು ದಿನಗಳ ಕನಸು. ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಉಕ್ಕಿನ ಸಲಾಕೆಯಿಂದಲೇ ಕಡೆದ ಕ್ಯಾಮ್ ಹಾಕಿಸಿದ್ದ. ದಾರಿಯುದ್ದಕ್ಕೂ ಎಂಜಿನ್ ಒಂದೊಂದೇ ಮಾತು ತಪ್ಪುತ್ತಾ ಬಂತು. ಮೊದಲು ಎಳೆತ ಕಮ್ಮಿಯಾಯ್ತು, ಆಮೇಲೆ ಕೆಮ್ಮು, ಕೊನೆಗೆ ಮೌನ. ಲಾರಿ ರಿಪೇರಿ ಮಾಡುವ ಒಬ್ಬ ಹಿರಿಯ ಮೇಸ್ತ್ರಿ ಡಿಸ್ಟ್ರಿಬ್ಯೂಟರ್ ಗೇರ್ ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿದರು. ಹಲ್ಲುಗಳು ಚಾಕುವಿನ ಅಲಗಿನಂತೆ ತೆಳುವಾಗಿದ್ದವು. ಆಯಿಲ್‌ನಲ್ಲಿ ಬೆರಳದ್ದಿದರೆ ಮಿನುಗುವ ಪುಡಿ.

"ಉಕ್ಕಿಗೂ ಬೀಡಿಗೂ ಆಗಿಬರಂಗಿಲ್ಲ ಸರ" ಅಂದರು ಅವರು.

ಅವರು ಹೇಳಿದ ಬೀಡು ಅಂದ್ರೆ ಎರಕದ ಕಬ್ಬಿಣ, ಗ್ಯಾರೇಜಿನ ಭಾಷೆಯಲ್ಲಿ ಕಾಸ್ಟ್ ಐರನ್. ಆ ಒಂದು ವಾಕ್ಯದ ಹಿಂದೆ ಒಂದು ಶತಮಾನದ ಕಥೆಯಿದೆ. ಅದರ ಅರ್ಧ ಭಾಗ ನಡೆದದ್ದು ಈ ಕೆಂಪು ನೆಲದ ಸುತ್ತಲೇ.

ಮೊದಲು ಎಂಜಿನ್ ಕಥೆ. ಪೆಟ್ರೋಲ್ ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಸರಿಯಾದ ಗಳಿಗೆಯಲ್ಲಿ ಕಿಡಿ ಮುಟ್ಟಬೇಕು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಇಗ್ನಿಷನ್ ವ್ಯವಸ್ಥೆ 1910ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅಲ್ಲಿಂದ ಮುಂದೆ ಬಹಳ ದಶಕಗಳ ಕಾಲ ಕಿಡಿಯನ್ನು ಹಂಚುವ ಕೆಲಸ ಡಿಸ್ಟ್ರಿಬ್ಯೂಟರ್‌ನದು. ಅದನ್ನು ತಿರುಗಿಸೋದು ಕ್ಯಾಮ್‌ಶಾಫ್ಟ್. ಕ್ಯಾಮ್ ಮಲಗಿರುತ್ತೆ, ಡಿಸ್ಟ್ರಿಬ್ಯೂಟರ್ ನಿಂತಿರುತ್ತೆ. ಅಡ್ಡಡ್ಡ ಇರುವ ಇವೆರಡನ್ನು ಬೆಸೆಯೋದು ಓರೆ ಹಲ್ಲಿನ ಎರಡು ಪುಟ್ಟ ಗೇರ್‌ಗಳು. ಓರೆ ಗೇರ್‌ಗಳ ಹಲ್ಲುಗಳು ಒಂದರ ಮೇಲೊಂದು ಉರುಳುವುದಕ್ಕಿಂತ ಹೆಚ್ಚಾಗಿ ಜಾರುತ್ತವೆ. ಮುಟ್ಟುವ ಜಾಗವೂ ಕಿರಿದು. ಹಾಗಾಗಿ ಯಾವ ಲೋಹ ಯಾವುದರ ಮೇಲೆ ಜಾರುತ್ತೆ ಅನ್ನೋದು ಇಲ್ಲಿ ಜೀವನ್ಮರಣದ ಪ್ರಶ್ನೆ.

ಹಳೇ ಎಂಜಿನ್‌ಗಳಲ್ಲಿ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಕ್ಯಾಮ್ ಬೀಡಿನದು, ಗೇರ್ ಕೂಡ ಬೀಡಿನದು. ಬೀಡಿನೊಳಗೆ ಗ್ರಾಫೈಟ್ ಇರುತ್ತೆ, ಅದು ತಾನೇ ಒಂದಿಷ್ಟು ಜಾರುಗುಣ ಕೊಡುತ್ತೆ. ಒಂದೇ ಮನೆಯವರು ಹೊಂದಿಕೊಂಡ ಹಾಗೆ ಎರಡೂ ವರ್ಷಗಟ್ಟಲೆ ಬಾಳುತ್ತಿದ್ದವು.

ರೇಸಿನವರು ಬಂದು ಸಂಸಾರ ಕೆಡಿಸಿದರು. 1955ರಲ್ಲಿ ಷೆವ್ರೊಲೆಯ ಸ್ಮಾಲ್ ಬ್ಲಾಕ್ ವಿ8 ಎಂಜಿನ್ ಬಂತು, ಅಮೆರಿಕದ ರೇಸ್ ಹುಡುಗರ ಕೈಗೆ ಸಿಕ್ಕಿತು. ಹೆಚ್ಚು ವೇಗಕ್ಕೆ ಗಟ್ಟಿ ಸ್ಪ್ರಿಂಗ್ ಬೇಕು, ಗಟ್ಟಿ ಸ್ಪ್ರಿಂಗ್‌ಗೆ ರೋಲರ್ ಬೇಕು. ರೋಲರ್‌ನ ಒತ್ತಡವನ್ನು ಬೀಡಿನ ಕ್ಯಾಮ್ ತಡೆಯಲ್ಲ, ಉಕ್ಕಿನದೇ ಬೇಕು. ಉಕ್ಕಿನ ಕ್ಯಾಮ್ ಹಾಕಿದ ತಕ್ಷಣ ಅದರ ಗಟ್ಟಿ ಹಲ್ಲು ಬೀಡಿನ ಗೇರನ್ನು ಅರೆದು ತಿನ್ನತೊಡಗಿತು. ಆ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್‌ನ ಬುಡವೇ ಆಯಿಲ್ ಪಂಪನ್ನೂ ತಿರುಗಿಸುತ್ತೆ. ಗೇರಿನ ಮೇಲೆ ಬೀಳುವ ನಿಜವಾದ ಭಾರ ಕಿಡಿಯದಲ್ಲ, ಆಯಿಲ್‌ನದು. ರೇಸಿಗೆಂದು ದೊಡ್ಡ ಪಂಪ್, ಮಂದ ಆಯಿಲ್ ಹಾಕಿದಷ್ಟೂ ಹಲ್ಲಿಗೆ ಕಷ್ಟ. ಹಲ್ಲು ಪೂರಾ ಹೋದರೆ ಆಯಿಲ್ ನಿಲ್ಲುತ್ತೆ, ಆಯಿಲ್ ನಿಂತರೆ ಎಂಜಿನ್ನೇ ಹೋಗುತ್ತೆ.

ಪರಿಹಾರಕ್ಕೆ ಅವರು ಹಿಡಿದದ್ದು ಮನುಷ್ಯನ ಹಳೇ ಲೋಹವನ್ನು. ಕಂಚಿನ ಗೇರ್! ಕಂಚು ಮೆದು, ಉಕ್ಕಿನೊಂದಿಗೆ ಜಗಳ ಆಡಲ್ಲ, ಸುಮ್ಮನೆ ಸವೆಯುತ್ತೆ. ಅದನ್ನು ಹಾಕೋದೇ ಸವೆಯಲಿ ಅಂತ. ದುಬಾರಿ ಕ್ಯಾಮ್ ಉಳಿಯಲಿ, ಅಗ್ಗದ ಗೇರ್ ಹೋಗಲಿ ಅನ್ನೋ ಲೆಕ್ಕ. ಆದರೆ ಅದು ಸವೆದಂತೆ ಕಿಡಿಯ ಗಳಿಗೆ ಜಾರುತ್ತೆ, ಆಗಾಗ ಬಿಚ್ಚಿ ನೋಡಿ ಬದಲಿಸುತ್ತಿರಬೇಕು. ಆ ಕಾರಣಕ್ಕೇ ದಿನಾ ಓಡಿಸುವ ಗಾಡಿಗೆ ಇದು ಒಗ್ಗಲ್ಲ. 1980ರ ದಶಕದಲ್ಲಿ ಕಾರ್ಖಾನೆಯಿಂದಲೇ ರೋಲರ್ ಕ್ಯಾಮ್ ಬರತೊಡಗಿದಾಗ ನೈಟ್ರೋಜನ್ ಉಣಿಸಿ ಮೇಲ್ಮೈ ಗಟ್ಟಿ ಮಾಡಿದ ಉಕ್ಕಿನ ಗೇರ್ ಬಂತು. ಆಮೇಲೆ ಪಾಲಿಮರ್ ಗೇರ್ ಬಂತು. ಇನ್ನು ಕೆಲವರು ಉಕ್ಕಿನ ಕ್ಯಾಮ್‌ಗೇ ಬೀಡಿನ ಗೇರ್ ಒತ್ತಿ ಕೂರಿಸಿ, ಹಳೇ ಜೋಡಿಯನ್ನೇ ಮತ್ತೆ ಒಂದು ಮಾಡಿದರು.

ನಮ್ಮಲ್ಲಿ? ಮದ್ರಾಸ್ ಹತ್ತಿರದ ಶೋಲಾವರಂನ ಯುದ್ಧಕಾಲದ ಏರ್‌ಸ್ಟ್ರಿಪ್‌ನಲ್ಲಿ ದಶಕಗಳ ಕಾಲ ರೇಸ್ ನಡೀತಿತ್ತು. ಆ ಕಾಲದಲ್ಲಿ ಸಾಮಾನ್ಯರ ಕೈಗೆ ಸಿಗುತ್ತಿದ್ದದ್ದು ಫಿಯೆಟ್ ಮತ್ತು ಅಂಬಾಸಡರ್. ಎರಡರಲ್ಲೂ ಕ್ಯಾಮ್ ಎಂಜಿನ್ ಬ್ಲಾಕಿನೊಳಗೇ, ಎರಡರಲ್ಲೂ ಓರೆ ಹಲ್ಲಿನ ಗೇರ್. ಕ್ಯಾಮ್ ಬದಲಿಸಿದವನು ಗೇರನ್ನೂ ಯೋಚಿಸಬೇಕಿತ್ತು. ಗೆಳೆಯನ ಗ್ಯಾರೇಜು ಮರೆತದ್ದು ಅದನ್ನೇ.

ಈಗ ನೆಲದ ಕಥೆ. ಬೀಡಿನಲ್ಲಿ ಶೇಕಡಾ 3ರ ಆಸುಪಾಸು ಇಂಗಾಲ, ಕ್ಯಾಮ್‌ನ ಉಕ್ಕಿನಲ್ಲಿ ಅದರ ಸಣ್ಣದೊಂದು ಪಾಲು. ಅಷ್ಟೇ ಅಂತರ; ಹುಟ್ಟುವುದು ಎರಡೂ ಅದಿರಿನಿಂದಲೇ. ಸಂಡೂರಿನ ಕುಮಾರಸ್ವಾಮಿ ಬೆಟ್ಟಕ್ಕೆ ಲೋಹಾಚಲ ಅನ್ನೋ ಹೆಸರಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂಗರ್ಭದ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದ. ಹಂಪಿ ಪಕ್ಕದ ಕಮಲಾಪುರದ ಕಮ್ಮಾರರು ಹೊಸಪೇಟೆಯ ಜಂಬುನಾಥ ಬೆಟ್ಟದ ಅದಿರು ಕರಗಿಸಿ, ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆ ಮಾಡುತ್ತಿದ್ದರು. 1795ರಲ್ಲಿ ಲಂಡನ್ನಿನ ವಿಜ್ಞಾನಿಗಳು 'ವೂಟ್ಜ್' ಎಂದು ಬೆರಗಾಗಿ ಪರೀಕ್ಷಿಸಿದ ಭಾರತೀಯ ಲೋಹದ ಹೆಸರು ನಮ್ಮ 'ಉಕ್ಕು' ಪದದ್ದೇ ಅಪಭ್ರಂಶ ಅನ್ನೋದು ಹಲವು ವಿದ್ವಾಂಸರ ಮಾತು.

1971ರಲ್ಲಿ ಇಂದಿರಾ ಗಾಂಧಿ ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಕಲ್ಲು ಎರಡು ದಶಕ ಕಾಯಿತು. 1994ರಲ್ಲಿ ಜಿಂದಾಲ್ ಕಂಪನಿ ಹುಟ್ಟಿದ ಮೇಲೆ ಕುರೆಕುಪ್ಪದ ಆಕಾಶ ಬದಲಾಯ್ತು. ತುಂಗಭದ್ರೆಯ ಆಚೆ, ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಬೀಡಿನ ಎಂಜಿನ್ ಭಾಗಗಳನ್ನು ಎರಕ ಹೊಯ್ಯುತ್ತೆ. ಗಿಣಿಗೇರಾದಲ್ಲಿ ಕಲ್ಯಾಣಿ ಸ್ಟೀಲ್ಸ್ ವಾಹನಗಳಿಗೆ ಬೇಕಾದ ಮಿಶ್ರಲೋಹದ ಉಕ್ಕು ತಯಾರಿಸುತ್ತೆ. ಎಂಜಿನ್ನಿನೊಳಗೆ ಹೊಂದಿಕೊಳ್ಳದ ಆ ಎರಡು ಲೋಹಗಳು ಇಲ್ಲಿ ನೆರೆಹೊರೆಯವು.

ಮೇಸ್ತ್ರಿ ಚಹಾ ತರಿಸಿದರು. ಗಣಿಗಾರಿಕೆ ಜೋರಿದ್ದ ಕಾಲದಲ್ಲಿ ರಾತ್ರಿ ಹಗಲು ಲಾರಿ ರಿಪೇರಿ ಮಾಡಿದ್ದು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಕೈಕಟ್ಟಿ ಕೂತಿದ್ದು, ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು. ಮಧ್ಯೆ ಮಧ್ಯೆ ಕೆಮ್ಮುತ್ತಿದ್ದರು. ನಾನು ಅಂಗೈಯಲ್ಲಿದ್ದ ಗೇರ್ ನೋಡುತ್ತಿದ್ದೆ. ರೇಸಿನವರು ಕಂಚು ಆರಿಸುವಾಗ ಯಾವುದು ಸವೆಯಬೇಕು ಅಂತ ಮೊದಲೇ ನಿರ್ಧರಿಸುತ್ತಾರೆ. ಆಮೇಲೆ ಅದರ ಮೇಲೆ ಕಣ್ಣಿಟ್ಟಿರುತ್ತಾರೆ, ಸಮಯಕ್ಕೆ ಬದಲಿಸುತ್ತಾರೆ. ಅದಿರನ್ನು ಲೆಕ್ಕ ಹಾಕಿದವರು ಈ ರಸ್ತೆ, ಈ ಗಾಳಿ, ಈ ಎದೆಗಳ ಸವೆತವನ್ನು ಯಾವ ಪುಸ್ತಕದಲ್ಲಿ ಬರೆದಿಟ್ಟಿದ್ದಾರೋ.

ಗಾಡಿಯನ್ನು ಹೊಸಪೇಟೆಗೆ ಎಳೆಸಿಕೊಂಡು ಹೋದೆವು. ತಿಂಗಳ ನಂತರ ಗೆಳೆಯ ಕಂಚಿನ ಗೇರ್ ಕಡೆಸಿ ಹಾಕಿಸಿದ. ಈಗಿನ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ, ಸೆನ್ಸಾರು, ಕಾಯಿಲು ಸೇರಿ ಆ ಕೆಲಸ ಮುಗಿಸುತ್ತವೆ. ಆದರೂ ನಿಮ್ಮಲ್ಲಿ ಯಾರಾದರೂ ಅಪ್ಪನ ಹಳೇ ಫಿಯೆಟ್‌ಗೆ ಕ್ಯಾಮ್ ಬದಲಿಸೋ ಯೋಚನೆಯಲ್ಲಿದ್ದರೆ, ಮೊದಲು ಕೇಳಬೇಕಾದದ್ದು ಕ್ಯಾಮ್ ಯಾವ ಲೋಹದ್ದು ಅಂತ. ಬೀಡಾದರೆ ಬೀಡು. ಉಕ್ಕಾದರೆ ಕಂಚು, ಜೊತೆಗೆ ಆಗಾಗ ಬಿಚ್ಚಿ ನೋಡುವ ತಾಳ್ಮೆ. ಹಳೇ ಗೇರನ್ನು ಮಾತ್ರ ಮೇಸ್ತ್ರಿ ಕೊಡಲಿಲ್ಲ. "ಇರ್ಲಿ ಬಿಡ್ರಿ, ಹುಡುಗ್ರಿಗೆ ತೋರ್ಸಾಕ ಬೇಕು" ಅಂದು ಗೂಡಿನಲ್ಲಿಟ್ಟುಕೊಂಡರು.