ನೆರೆಯ ರಾಜ ಯಾಕೆ ಮುನಿಸಿಕೊಂಡ? ಕಂಪ್ಯೂಟರ್ ಜೊತೆಗಿನ ರಾಜತಂತ್ರದ ಇತಿಹಾಸ

ಇವತ್ತಿನ ಸಂಚಿಕೆಯಲ್ಲಿ ಯುದ್ಧ ಇದೆ, ಸಂಧಿ ಇದೆ, ನಂಬಿಕೆದ್ರೋಹವೂ ಇದೆ. ಆದ್ರೆ ಎಲ್ಲವೂ ನಡೆಯೋದು ಕಂಪ್ಯೂಟರ್ ಪರದೆ ಮೇಲೆ. ಸ್ಟ್ರಾಟಜಿ ಗೇಮ್‌ಗಳಲ್ಲಿ ಕಂಪ್ಯೂಟರೇ ನಡೆಸುವ ರಾಜರು ಇರ್ತಾರಲ್ಲ, ಅವರ ಜೊತೆ ಮನುಷ್ಯರು ಹೇಗೆ ಸ್ನೇಹ ಮಾಡಿದ್ರು, ಹೇಗೆ ಜಗಳ ಮಾಡಿದ್ರು ಅನ್ನೋದು ಇವತ್ತಿನ ವಿಷಯ.

ಇದೇನು ಮಕ್ಕಳಾಟ ಅಂತ ಅನ್ನಿಸಬಹುದು. ಆದ್ರೆ ಯಂತ್ರದ ಜೊತೆ ಕೂತು ಒಪ್ಪಂದ ಮಾಡಿಕೊಳ್ಳೋದನ್ನ, ಅದರ ಮಾತನ್ನ ನಂಬಬೇಕೋ ಬೇಡವೋ ಅಂತ ಲೆಕ್ಕ ಹಾಕೋದನ್ನ ಸಾಮಾನ್ಯ ಜನ ಅಭ್ಯಾಸ ಮಾಡಿದ್ದು ಈ ಆಟಗಳಲ್ಲೇ. ಇವತ್ತು ಎಲ್ಲರ ಫೋನ್‌ನಲ್ಲೂ ಮಾತಾಡುವ ಎಐ ಬಂದು ಕೂತಿರುವಾಗ ಈ ಇತಿಹಾಸ ನಮಗೆ ಬೇಕಾಗುತ್ತೆ.

1991ರಿಂದ ಶುರು ಮಾಡೋಣ. ಅಮೆರಿಕದ ಮೈಕ್ರೋಪ್ರೋಸ್ ಕಂಪನಿ ‘ಸಿವಿಲೈಸೇಷನ್’ ಅನ್ನುವ ಆಟ ಬಿಡುಗಡೆ ಮಾಡಿತು. ಅದನ್ನ ವಿನ್ಯಾಸ ಮಾಡಿದವರು ಸಿಡ್ ಮೈಯರ್, ಜೊತೆಗೆ ಬ್ರೂಸ್ ಶೆಲ್ಲಿ. ಕ್ರಿಸ್ತಪೂರ್ವ 4000ದಲ್ಲಿ ಒಂದು ಊರು ಕಟ್ಟಿ, ಬಾಹ್ಯಾಕಾಶಕ್ಕೆ ಹೋಗುವವರೆಗೂ ನಿಮ್ಮ ನಾಗರಿಕತೆಯನ್ನ ಬೆಳೆಸಬೇಕು. ಅಕ್ಕಪಕ್ಕದಲ್ಲಿ ಸೀಸರ್, ನೆಪೋಲಿಯನ್, ಗಾಂಧಿ, ಎಲ್ಲರೂ ಇರ್ತಾರೆ. ಅವರನ್ನ ನಡೆಸೋದು ಕಂಪ್ಯೂಟರ್. ಅವರು ಬಂದು ಸಂಧಿ ಕೇಳ್ತಾರೆ, ಕಪ್ಪ ಕೇಳ್ತಾರೆ, ಕೊಡದಿದ್ರೆ ಬೆದರಿಸ್ತಾರೆ. ಆದ್ರೆ ಯಾಕೆ ಮುನಿಸಿಕೊಂಡ್ರು, ಯಾಕೆ ಸಂಧಿ ಮುರಿದ್ರು ಅನ್ನೋದು ಆಟಗಾರನಿಗೆ ಸರಿಯಾಗಿ ಗೊತ್ತಾಗ್ತಿರಲಿಲ್ಲ.

ಕಾರಣ ಗೊತ್ತಾಗದೇ ಇದ್ದಾಗ ಮನುಷ್ಯ ಸುಮ್ಮನೆ ಇರ್ತಾನಾ? ತಾನೇ ಒಂದು ಕಾರಣ ಕಟ್ಟಿಕೊಳ್ತಾನೆ. ಇದಕ್ಕೆ ಒಳ್ಳೆ ಉದಾಹರಣೆ ‘ಅಣುಬಾಂಬಿನ ಗಾಂಧಿ’ ಕಥೆ. ಆಟದ ಬಗ್ಗೆ ಗೊತ್ತಿಲ್ಲದವರೂ ಇದನ್ನ ಎಲ್ಲಾದರೂ ಕೇಳಿರ್ತೀರಿ. ಮೊದಲ ಆಟದಲ್ಲಿ ಗಾಂಧಿಯ ಆಕ್ರಮಣಶೀಲತೆಗೆ 1 ಅಂಕ ಕೊಟ್ಟಿದ್ರಂತೆ. ಪ್ರಜಾಪ್ರಭುತ್ವ ಬಂದಾಗ ಅದರಲ್ಲಿ 2 ಕಳೀಬೇಕಿತ್ತಂತೆ. ಕಂಪ್ಯೂಟರಿನ ಒಂದು ಬೈಟ್‌ನಲ್ಲಿ 0ಯಿಂದ 255ರವರೆಗೆ ಮಾತ್ರ ಸಂಖ್ಯೆ ಹಿಡಿಯೋದ್ರಿಂದ, ಸೊನ್ನೆಗಿಂತ ಕೆಳಗೆ ಹೋದ ಅಂಕ ಸುತ್ತಿಕೊಂಡು 255 ಆಯಿತಂತೆ. ಹಾಗಾಗಿ ಅಹಿಂಸೆಯ ಗಾಂಧಿ ಎಲ್ಲರ ಮೇಲೂ ಬಾಂಬ್ ಹಾಕೋಕೆ ಶುರು ಮಾಡಿದ್ರಂತೆ.

ಈ ‘ಅಂತೆ’ಗಳನ್ನ ಗಮನಿಸಿ. 2020ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಸಿಡ್ ಮೈಯರ್ ಇದನ್ನ ತಳ್ಳಿಹಾಕಿದ್ರು. ಅಂಥ ದೋಷ ಆ ಆಟದಲ್ಲಿ ಇರಲೇ ಇಲ್ಲ. ಬೇರೆ ನಾಯಕರಂತೆ ಗಾಂಧಿ ಪಾತ್ರಕ್ಕೂ ಅಣ್ವಸ್ತ್ರ ಬಳಸುವ ಅವಕಾಶ ಇತ್ತು, ಅಷ್ಟೇ. ಭಾರತ ವಿಜ್ಞಾನದ ಕಡೆ ಹೆಚ್ಚು ಒಲವಿರುವ ನಾಗರಿಕತೆ ಆಗಿದ್ದರಿಂದ ಆ ತಂತ್ರಜ್ಞಾನ ಅದಕ್ಕೆ ಬೇಗ ಸಿಗ್ತಿತ್ತು. 2010ರ ಐದನೇ ಆವೃತ್ತಿಯಲ್ಲಿ ವಿನ್ಯಾಸಕ ಜಾನ್ ಶೇಫರ್ ತಮಾಷೆಗೆ ಅಂತಲೇ ಗಾಂಧಿಯ ಅಣ್ವಸ್ತ್ರದ ಒಲವಿಗೆ ಹತ್ತಕ್ಕೆ 12 ಅಂಕ ಕೊಟ್ಟಿದ್ದು ನಿಜ. ಬೈಟ್‌ನ ಕಥೆ ಅಂತರ್ಜಾಲದಲ್ಲಿ ಹಬ್ಬಿದ್ದು ಅದಾದ ಮೇಲೆ, 2012ರ ನಂತರ. ಹಾಗಾದ್ರೆ ಲಕ್ಷಾಂತರ ಜನ ಇದನ್ನ ಯಾಕೆ ನಂಬಿದ್ರು? ಪರದೆ ಮೇಲಿನ ರಾಜನ ವರ್ತನೆಗೆ ಅದು ಒಂದು ಕಾರಣ ಕೊಡ್ತಿತ್ತು, ಅದಕ್ಕೆ.

ಆಟ ತಯಾರಿಸುವವರಿಗೂ ಈ ಕೊರತೆ ಅರ್ಥ ಆಗಿತ್ತು. 1999ರಲ್ಲಿ ಬ್ರಯಾನ್ ರೆನಾಲ್ಡ್ಸ್ ಮುಂದಾಳತ್ವದಲ್ಲಿ ‘ಆಲ್ಫಾ ಸೆಂಟಾರಿ’ ಬಂತು. ಬೇರೊಂದು ಗ್ರಹದಲ್ಲಿ ನಡೆಯುವ ಆಟ. ಅದರಲ್ಲಿ ಪ್ರತಿ ನಾಯಕರಿಗೂ ಒಂದು ಸಿದ್ಧಾಂತ. ಮಾರ್ಗನ್ ಅನ್ನುವ ಉದ್ಯಮಿಗೆ ಮುಕ್ತ ಮಾರುಕಟ್ಟೆ ಬೇಕು, ಡೀಡ್ರಾ ಸ್ಕೈ ಅನ್ನುವವಳಿಗೆ ಪರಿಸರ ಮುಖ್ಯ. ನೀವು ನಿಮ್ಮ ದೇಶವನ್ನ ಹೇಗೆ ನಡೆಸ್ತೀರಿ ಅನ್ನೋದರ ಮೇಲೆ ಅವರು ನಿಮ್ಮನ್ನ ಮೆಚ್ಚಿಕೊಳ್ತಾರೆ ಇಲ್ಲಾ ಬೈತಾರೆ. ಈಗ ಜಗಳಕ್ಕೆ ಒಂದು ಅರ್ಥ ಬಂತು.

ದೊಡ್ಡ ಹೆಜ್ಜೆ ಬಂದಿದ್ದು 2005ರಲ್ಲಿ, ಸೋರೆನ್ ಜಾನ್ಸನ್ ವಿನ್ಯಾಸ ಮಾಡಿದ ನಾಲ್ಕನೇ ‘ಸಿವಿಲೈಸೇಷನ್’ನಲ್ಲಿ. ಇಲ್ಲಿ ಪ್ರತಿ ರಾಜನ ಮನಸ್ಸಿನ ಲೆಕ್ಕಪುಸ್ತಕವನ್ನೇ ತೆರೆದಿಟ್ರು. ಒಂದೇ ಧರ್ಮದವರು ಅಂತ ಇಷ್ಟು ಕೂಡಿಸು, ನನ್ನ ಶತ್ರು ಜೊತೆ ವ್ಯಾಪಾರ ಮಾಡಿದೆ ಅಂತ ಇಷ್ಟು ಕಳೆ, ಗಡಿ ತಾಗ್ತಿದೆ ಅಂತ ಇನ್ನಷ್ಟು ಕಳೆ. ಈ ಕೂಡು-ಕಳೆಯಿಂದಲೇ ಅವನು ಸಿಟ್ಟಾಗಿದ್ದಾನೋ, ಎಚ್ಚರದಲ್ಲಿದ್ದಾನೋ, ಸ್ನೇಹಿತನೋ ಅಂತ ತೀರ್ಮಾನ. ಆಟಗಾರರು ಇದನ್ನ ಪಂಚಾಂಗದ ಥರ ಓದೋಕೆ ಕಲಿತರು. ಪಕ್ಕದವನ ಧರ್ಮ ನೋಡಿ ತಮ್ಮ ರಾಜಧರ್ಮ ಬದಲಿಸಿದ್ರು. ಇಬ್ಬರು ಶತ್ರುಗಳ ಮಧ್ಯೆ ಯಾರ ಜೊತೆ ವ್ಯಾಪಾರ ಅಂತ ಅಳೆದು ತೂಗಿದ್ರು. ಎದುರಾಳಿಯ ಮನಸ್ಸು ಓದೋಕೆ ಸಾಧ್ಯ ಆದಾಗಲೇ ರಾಜತಂತ್ರಕ್ಕೆ ಜಾಗ ಸಿಕ್ಕಿದ್ದು.

ಇದರ ಉಲ್ಟಾ ಪ್ರಯೋಗವೂ ನಡೀತು. 2010ರ ಐದನೇ ಆವೃತ್ತಿ ಬಿಡುಗಡೆ ಆದಾಗ ಆ ಪಟ್ಟಿ ಮಾಯವಾಗಿತ್ತು. ಕಂಪ್ಯೂಟರ್ ರಾಜರು ಮನುಷ್ಯರ ಹಾಗೆ ಗೆಲ್ಲೋಕೆ ಆಡಲಿ, ಮನಸ್ಸಿನಲ್ಲಿ ಇರೋದನ್ನ ಮುಚ್ಚಿಡಲಿ ಅನ್ನೋದು ಆಲೋಚನೆ. ಆಟಗಾರರಿಗೆ ಅದು ಚಾಣಾಕ್ಷತನ ಅಂತ ಕಾಣಲಿಲ್ಲ, ಹುಚ್ಚು ಅಂತ ಕಾಣಿಸ್ತು. ನಿನ್ನೆ ಗೆಳೆಯ, ಇವತ್ತು ಕಾರಣವೇ ಇಲ್ಲದೆ ಯುದ್ಧ! ದೂರುಗಳು ಬಂದ ಮೇಲೆ, ನಂತರದ ಅಪ್‌ಡೇಟ್‌ಗಳಲ್ಲಿ ಕಾರಣಗಳ ಪಟ್ಟಿ ವಾಪಸ್ ಬಂತು.

ಇಲ್ಲಿ ನಮ್ಮ ಮೈಸೂರಿಗೂ ಒಂದು ನಂಟು ಇದೆ. 2018ರ ಫೆಬ್ರವರಿಯಲ್ಲಿ ಆರನೇ ‘ಸಿವಿಲೈಸೇಷನ್’ಗೆ ಬಂದ ‘ರೈಸ್ ಅಂಡ್ ಫಾಲ್’ ವಿಸ್ತರಣೆಯಲ್ಲಿ ಭಾರತದ ಇನ್ನೊಬ್ಬ ನಾಯಕನಾಗಿ ಚಂದ್ರಗುಪ್ತ ಮೌರ್ಯ ಸೇರಿಕೊಂಡ. ಅವನ ವಿಶೇಷ ಶಕ್ತಿಯ ಹೆಸರೇ ‘ಅರ್ಥಶಾಸ್ತ್ರ’. ಅವನ ಸ್ವಭಾವ ಏನು ಗೊತ್ತಾ? ತನ್ನ ಗಡಿಗೆ ಹತ್ತಿರ ಇರೋರನ್ನ ಕಂಡರೆ ಆಗಲ್ಲ, ದೂರದವರ ಜೊತೆ ತಕರಾರಿಲ್ಲ. ಅರ್ಥಶಾಸ್ತ್ರ ಓದಿದವರಿಗೆ ಇದು ತಕ್ಷಣ ಹೊಳೆಯುತ್ತೆ. ಅದು ಮಂಡಲ ಸಿದ್ಧಾಂತ: ಗಡಿಗೆ ಅಂಟಿಕೊಂಡವನು ಸಹಜ ಶತ್ರು, ಅವನ ಆಚೆ ಇರುವವನು ಸಹಜ ಮಿತ್ರ.

ಆ ಗ್ರಂಥ ಶತಮಾನಗಳ ಕಾಲ ಕಳೆದೇ ಹೋಗಿದೆ ಅಂತ ಅಂದುಕೊಂಡಿದ್ರು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ, ತಾಳೆಗರಿಗಳ ನಡುವೆ ಅದನ್ನ ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಸಂಸ್ಕೃತ ಮೂಲ ಪ್ರಕಟವಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು. ಗ್ರಂಥ ಈಗಿನ ರೂಪಕ್ಕೆ ಬಂದಿದ್ದು ಮೌರ್ಯರ ಕಾಲದ ನಂತರ ಅಂತ ಅನೇಕ ವಿದ್ವಾಂಸರು ಹೇಳ್ತಾರೆ. ಅದೇನೇ ಇರಲಿ, ಮೈಸೂರಿನ ತಾಳೆಗರಿಯಿಂದ ಹೊರಬಂದ ಒಂದು ವಿಚಾರ ಇವತ್ತು ಪ್ರಪಂಚದ ಯಾವುದೋ ಮೂಲೆಯ ಆಟಗಾರನ ಮೇಲೆ ದಂಡೆತ್ತಿ ಬರ್ತಿದೆ! ರಾಜ್ಯ ಬಿಟ್ಟು ಶ್ರವಣಬೆಳಗೊಳಕ್ಕೆ ಬಂದು ತಪಸ್ಸು ಮಾಡಿದ ಚಂದ್ರಗುಪ್ತನನ್ನ ಜೈನ ಪರಂಪರೆ ನೆನಪಿಟ್ಟಿದೆ. ಆಟ ಆರಿಸಿಕೊಂಡಿದ್ದು ಗಡಿ ವಿಸ್ತರಿಸುವ ಚಂದ್ರಗುಪ್ತನನ್ನ.

ಅರ್ಥಶಾಸ್ತ್ರ ರಾಜನಿಗೆ ಆರು ದಾರಿ ಹೇಳುತ್ತೆ: ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ. ಯಾವುದನ್ನ ಹಿಡೀಬೇಕು ಅನ್ನೋದು ಎದುರಾಳಿ ಎಲ್ಲಿದ್ದಾನೆ, ಅವನ ಬಲ ಎಷ್ಟು, ಅವನಿಗೆ ಏನು ಲಾಭ ಅನ್ನೋದರ ಮೇಲೆ ನಿಂತಿದೆ. ಅವನ ಸಿಹಿಮಾತು ಲೆಕ್ಕಕ್ಕೆ ಬರಲ್ಲ. ಹಳೇ ಗೇಮ್‌ಗಳ ಆಟಗಾರರು ಮಾಡ್ತಿದ್ದಿದ್ದೂ ಇದನ್ನೇ.

ಆದ್ರೆ ಈಗ ಯಂತ್ರ ಮಾತು ಕಲಿತಿದೆ. ಅಲನ್ ಕ್ಯಾಲಮರ್ ರೂಪಿಸಿ 1959ರಲ್ಲಿ ಮಾರುಕಟ್ಟೆಗೆ ಬಂದ ‘ಡಿಪ್ಲೊಮಸಿ’ ಅನ್ನುವ ಬೋರ್ಡ್ ಆಟ ಇದೆ. ಮೊದಲ ಮಹಾಯುದ್ಧಕ್ಕೆ ಮುಂಚಿನ ಯುರೋಪ್, ಏಳು ಶಕ್ತಿಗಳು. ದಾಳ ಇಲ್ಲ, ಅದೃಷ್ಟ ಇಲ್ಲ. ಮಾತುಕತೆ, ಮೈತ್ರಿ, ಬೆನ್ನಿಗೆ ಚೂರಿ, ಅಷ್ಟೇ. 2022ರ ನವೆಂಬರ್‌ನಲ್ಲಿ ಮೆಟಾ ಕಂಪನಿ ‘ಸಿಸೆರೊ’ ಅನ್ನುವ ಎಐ ಬಗ್ಗೆ ‘ಸೈನ್ಸ್’ ಪತ್ರಿಕೆಯಲ್ಲಿ ಬರೆಯಿತು. ಆನ್‌ಲೈನ್ ಲೀಗ್ ಒಂದರಲ್ಲಿ ಅದು ಮನುಷ್ಯರ ಜೊತೆ ಸಂದೇಶ ಬರೆದುಕೊಂಡು 40 ಪಂದ್ಯ ಆಡಿತ್ತು. ಒಂದಕ್ಕಿಂತ ಹೆಚ್ಚು ಪಂದ್ಯ ಆಡಿದವರಲ್ಲಿ ಮೊದಲ ಶೇ. 10ರೊಳಗೆ ಬಂದಿತ್ತು.

ಬಹುಮಟ್ಟಿಗೆ ಪ್ರಾಮಾಣಿಕವಾಗಿ ಮಾತಾಡೋಕೆ ಅದನ್ನ ತರಬೇತಿ ಮಾಡಿದ್ದೀವಿ ಅಂತ ತಯಾರಕರು ಹೇಳಿದ್ರು. 2024ರಲ್ಲಿ ‘ಪ್ಯಾಟರ್ನ್ಸ್’ ಪತ್ರಿಕೆಯ ಒಂದು ಪ್ರಬಂಧ ಬೇರೆ ಚಿತ್ರ ಕೊಟ್ಟಿತು. ಒಂದು ಪಂದ್ಯದಲ್ಲಿ ಫ್ರಾನ್ಸ್ ಆಗಿ ಆಡ್ತಿದ್ದ ಸಿಸೆರೊ, ಉತ್ತರ ಸಮುದ್ರಕ್ಕೆ ನುಗ್ಗೋಕೆ ಜರ್ಮನಿ ಜೊತೆ ಸೇರಿ ಯೋಜನೆ ಹಾಕಿ, ಅಲ್ಲಿಗೆ ಯಾರಾದ್ರೂ ಬಂದರೆ ರಕ್ಷಿಸ್ತೀನಿ ಅಂತ ಇಂಗ್ಲೆಂಡಿಗೆ ಮಾತು ಕೊಟ್ಟಿತ್ತು.

ಡಿಪ್ಲೊಮಸಿ ಆಟದಲ್ಲಿ ಮೋಸ ತಪ್ಪಲ್ಲ, ಅದು ಆಟದ ಭಾಗ. ಯೋಚನೆ ಮಾಡಬೇಕಾದ್ದು ಬೇರೆ. 2005ರ ಕಂಪ್ಯೂಟರ್ ರಾಜನಿಗೆ ನಾಲ್ಕು ಒಳ್ಳೆ ಮಾತು ಬರ್ತಿರಲಿಲ್ಲ, ಆದ್ರೆ ಅವನ ಲೆಕ್ಕ ನಮ್ಮ ಕಣ್ಣೆದುರಿಗೇ ಇತ್ತು. 2022ರ ಯಂತ್ರ ಬಹಳ ಚೆನ್ನಾಗಿ ಮಾತಾಡುತ್ತೆ, ಆದ್ರೆ ಲೆಕ್ಕದ ಪುಸ್ತಕ ಎದುರು ಕೂತವನಿಗೆ ಕಾಣಲ್ಲ. ಐದನೇ ಆವೃತ್ತಿಯ ಆಟಗಾರರು ಜಗಳ ಮಾಡಿ ವಾಪಸ್ ಪಡೆದಿದ್ದು ಆ ಪುಸ್ತಕವನ್ನ. ಬ್ಯಾಂಕಿನ ಸಾಲಕ್ಕೆ, ಕೆಲಸದ ಅರ್ಜಿಗೆ ಯಂತ್ರ ಉತ್ತರ ಹೇಳುವ ಕಾಲದಲ್ಲಿ ನಾವೂ ಅದನ್ನೇ ಕೇಳಬೇಕಾಗುತ್ತೆ: ಯಾಕೆ ಅಂತ ತೋರಿಸು.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಇನ್ನೊಂದು ವಿಷಯದ ಜೊತೆ ಸಿಗೋಣ.