ಬಸಿಯ ತಳ ಓದುವ ವಿದ್ಯೆ

ಸವದತ್ತಿ, ಬೈಲಹೊಂಗಲ ಕಡೆಯ ಎಷ್ಟೋ ಹಳೆಯ ಮನೆಗಳಲ್ಲಿ ಬಿಳಿ ಕಪ್ಪು-ಬಸಿಗೆ ಅಡುಗೆಮನೆಯೊಳಗೆ ಜಾಗ ಇರುತ್ತಿರಲಿಲ್ಲ. ಪಡಸಾಲೆಯ ಮಾಡದಲ್ಲಿ ಬೋರಲು ಹಾಕಿ ಇಡುತ್ತಿದ್ದರು. ಮಾಮಲೇದಾರರೋ ಶಾಲೆ ತಪಾಸಣೆಯ ಸಾಹೇಬರೋ ಬಂದಾಗ ಮಾತ್ರ ಅವು ಕೆಳಗಿಳಿಯುತ್ತಿದ್ದವು. ಸ್ಟೀಲು ಬಂದ ಮೇಲೆ ಹೆಚ್ಚಿನವು ಒಡೆದವು, ಕೆಲವು ಗುಜರಿಗೆ ಹೋದವು. ಉಳಿದವನ್ನು ಮನೆಯವರು ‘ಇಂಗ್ಲೆಂಡಿನ ಕಪ್ಪು’ ಎನ್ನುತ್ತಾರೆ. ಹೌದೋ ಅಲ್ಲವೋ ಎಂಬುದನ್ನು ಬಸಿಯೇ ಹೇಳುತ್ತದೆ. ಅದರ ತಳ ಓದಲು ಬರಬೇಕು, ಅಷ್ಟೇ.

ಈ ಓದಿನ ವಿದ್ಯೆ ಬೆಳೆದದ್ದು ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ. 1863ರಲ್ಲಿ ವಿಲಿಯಂ ಚಾಫರ್ಸ್ ಪಿಂಗಾಣಿಯ ಅಡಿಗುರುತುಗಳನ್ನೆಲ್ಲ ಒಂದೆಡೆ ಸೇರಿಸಿ ಪುಸ್ತಕ ಮಾಡಿದ. 1878ರಲ್ಲಿ ಲೆವೆಲಿನ್ ಜೂವಿಟ್ ಕಾರ್ಖಾನೆ ಕಾರ್ಖಾನೆಯ ಚರಿತ್ರೆ ಬರೆದ. ಜೆಫ್ರಿ ಗಾಡನ್ನರ ಗುರುತುಕೋಶ 1964ರಲ್ಲಿ ಬಂತು. ಸಂಗ್ರಾಹಕರು ಇಂದಿಗೂ ಮೊದಲು ಕೈಹಾಕುವುದು ಅದಕ್ಕೇ. ಚಾಫರ್ಸನ ಪುಸ್ತಕ ಬಂದ ಅದೇ 1863ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಶಿಲಾಯುಗದ ಕಲ್ಲಿನ ಹತ್ಯಾರ ಕಂಡುಹಿಡಿದ. ಮುಂದೆ ಅವನೇ ನಮ್ಮ ಮಲಪ್ರಭೆಯ ಸೀಮೆಯನ್ನೂ ಸುತ್ತಿ, ಇಲ್ಲಿಯ ಭೂರಚನೆಯ ವರದಿಯನ್ನು 1876ರಲ್ಲಿ ಪ್ರಕಟಿಸಿದ. ದಕ್ಷಿಣ ಭಾರತದಲ್ಲೆಲ್ಲ ಅವನು ಆಯ್ದ ಕಲ್ಲಿನ ಹತ್ಯಾರ, ಮಡಕೆ ಚೂರುಗಳನ್ನು 1904ರಲ್ಲಿ ಮದ್ರಾಸ್ ವಸ್ತುಸಂಗ್ರಹಾಲಯ ಕೊಂಡಿತು. 1947ರಲ್ಲಿ ಬ್ರಹ್ಮಗಿರಿಯ ಉತ್ಖನನ, ಆಮೇಲೆ ಬೆಳಗಾವಿ ಪಕ್ಕದ ವಡಗಾಂವ-ಮಾಧವಪುರದ ಉತ್ಖನನ ನಡೆದು, ಮಡಕೆ ಚೂರಿನಿಂದ ಕಾಲ ಹೇಳುವುದು ನಮ್ಮ ವಿದ್ವಾಂಸರಿಗೆ ಕರಗತವಾಯಿತು. ಎರಡು ಸಾವಿರ ವರ್ಷದ ಚೂರಿಗೆ ಕೊಟ್ಟ ಆ ಗಮನವನ್ನು ಅಜ್ಜಿಯ ಮಾಡದ ಬಸಿಗೂ ಕೊಡಬೇಕೆಂಬುದು ನನ್ನ ಬಹುದಿನದ ಆಸೆ.

ತಳದಲ್ಲಿ ಮೊದಲು ಹುಡುಕಬೇಕಾದದ್ದು ದೇಶದ ಹೆಸರು. ಅಮೆರಿಕದ ಸುಂಕದ ಕಾನೂನಿನಿಂದಾಗಿ 1891ರಿಂದ ‘ಇಂಗ್ಲೆಂಡ್’ ಎಂಬ ಪದ ಗುರುತಿನೊಳಗೆ ವಾಡಿಕೆಯಾಗಿ ಬಂತು. ‘ಮೇಡ್ ಇನ್ ಇಂಗ್ಲೆಂಡ್’ ಎಂದು ಪೂರ್ತಿ ಬರೆದಿದ್ದರೆ ಸಾಮಾನ್ಯವಾಗಿ ಅದು ಇಪ್ಪತ್ತನೆಯ ಶತಮಾನದ್ದು. ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದಂಥ ಮುದ್ರೆ ಕಂಡರೆ, ಆ ವಿನ್ಯಾಸ 1842ರಿಂದ 1883ರೊಳಗೆ ನೋಂದಣಿಯಾದದ್ದು. ಮುದ್ರೆಯ ನೆತ್ತಿಯ ಮೇಲಿನ ರೋಮನ್ ನಾಲ್ಕು ಮಣ್ಣಿನ ಸಾಮಾನಿನ ವರ್ಗವನ್ನು ಹೇಳುತ್ತದೆ. 1884ರಿಂದ ಅದರ ಬದಲು ಬರೀ ನೋಂದಣಿ ಸಂಖ್ಯೆ ಬಂತು. ಆದರೆ ನೋಂದಣಿಯ ವರ್ಷ ಆ ಕಪ್ಪು ಸುಟ್ಟ ವರ್ಷವಲ್ಲ. ಒಂದೇ ವಿನ್ಯಾಸ ದಶಕಗಟ್ಟಲೆ ಭಟ್ಟಿಯಿಂದ ಇಳಿದಿರಬಹುದು. ಸಿಂಹ ಮತ್ತು ಒಂಟಿಕೊಂಬಿನ ಕುದುರೆಯ ರಾಜಲಾಂಛನ ನೋಡಿ ‘ಇದು ರಾಣಿಯ ಅರಮನೆಯದು’ ಎನ್ನುವವರಿದ್ದಾರೆ. ಆ ಲಾಂಛನವನ್ನು ಹತ್ತಾರು ಸಾಧಾರಣ ಕಾರ್ಖಾನೆಗಳು ಒತ್ತುತ್ತಿದ್ದವು.

ಗುರುತೇ ಇಲ್ಲದಿದ್ದರೆ ಬೆರಳಿನಿಂದ ಓದಬೇಕು. ನೀಲಿ ಚಿತ್ರವನ್ನು ತಾಮ್ರದ ತಗಡಿನಿಂದ ತೆಳು ಕಾಗದಕ್ಕೆ ಎತ್ತಿ, ಆ ಕಾಗದವನ್ನು ಬಸಿಗೆ ಒತ್ತುತ್ತಿದ್ದರು. ಹಾಗಾಗಿ ಅಂಚಿನ ಬಳ್ಳಿ ಎಲ್ಲೋ ಒಂದು ಕಡೆ ಕೂಡದೆ ತಪ್ಪಿರುತ್ತದೆ. ಆ ತಪ್ಪೇ ಸಾಕ್ಷಿ. ಭಟ್ಟಿಯಲ್ಲಿ ಬಸಿಗೆ ಆಸರೆ ಕೊಟ್ಟ ಮುಳ್ಳಿನ ಗುರುತು ಮೂರು ಚುಕ್ಕೆಯಾಗಿ ಉಳಿದಿರುತ್ತದೆ. ಬೋನ್ ಚೈನಾ ಆಗಿದ್ದರೆ, ಬಿಸಿಲಿಗೆ ಹಿಡಿದಾಗ ಹಿಂದಿನ ಬೆರಳುಗಳ ನೆರಳು ಕಾಣುತ್ತದೆ.

ಇಂಥ ಸಾಮಾನು ನಮ್ಮ ಕಡೆಗೆ ಬಂದದ್ದು ಬ್ರಿಟಿಷರ ಹಿಂದೆಯೇ. 1818ರಲ್ಲಿ ಬೆಳಗಾವಿ ಕೋಟೆ ಕಂಪನಿಯ ಕೈಸೇರಿತು, 1824ರಲ್ಲಿ ಕಿತ್ತೂರು. ಕ್ಯಾಂಪಿನ ಬಂಗಲೆಗಳಿಗೆ ಊಟದ ಸಾಮಾನು ಬಂತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಧಾರವಾಡ, ಬೆಳಗಾವಿಗೆ ಬಂದ ಮೇಲೆ ಇಂಥ ಸರಕಿನ ದಾರಿ ಸಲೀಸಾಯಿತು. ಸವದತ್ತಿಗೆ ರೈಲಿರಲಿಲ್ಲ, ಸಾಮಾನು ಬರಬೇಕಾದದ್ದು ಬಂಡಿಯಲ್ಲಿ. ಆದ್ದರಿಂದ ಇಲ್ಲಿ ವೆಜ್‌ವುಡ್ಡಿನ ಹೂದಾನಿ ಹುಡುಕಿದರೆ ನಿರಾಸೆಯೇ. ಸಿಗಬಹುದಾದದ್ದು ಸ್ಟಾಫರ್ಡ್‌ಶೈರಿನ ದಪ್ಪ ಬಿಳಿ ತಟ್ಟೆ, ಕಚೇರಿಯ ಕಂದು ಶಾಯಿ ಬಾಟಲಿ, ತಂತಿ ಕಂಬದ ಬಿಳಿ ಬಟ್ಟಲು. ನನಗೆ ಇವೇ ಹೆಚ್ಚು ಬೆಲೆಯವು, ಏಕೆಂದರೆ ಆಳ್ವಿಕೆ ನಮ್ಮ ಊರೊಳಗೆ ನಡೆದು ಬಂದದ್ದು ಇಂಥ ಸಾಮಾನಿನ ಜೊತೆಗೆ.

ಇಂಗ್ಲೆಂಡಿನದೆಂದು ಹೆಸರಾದವುಗಳಲ್ಲಿ ಬೇರೆ ದೇಶದವೂ ಬೆರೆತಿವೆ. ಕೆಲವು ಜಪಾನಿನವು, ಕೆಲವು ಜರ್ಮನಿಯವು. ಕಲಕತ್ತೆಯ ಬೆಂಗಾಲ್ ಪಾಟರೀಸ್, ಗ್ವಾಲಿಯರ್ ಪಾಟರೀಸ್‌ನವೂ ಇವೆ. ಉಪ್ಪಿನಕಾಯಿಯ ಕಂದು-ಬಿಳಿ ಬರಣಿಯನ್ನು ಬ್ರಿಟಿಷರದ್ದೆಂದು ಮಾರುವುದುಂಟು. ಅಂಥ ಬರಣಿಗಳಲ್ಲಿ ಗುಜರಾತಿನ ವಾಂಕಾನೇರ, ಥಾನಗಢ ಕಡೆಯವು ಬಹಳ.

ಗುರುತುಕೋಶಗಳು ಹೇಳದ ಮಾತೊಂದಿದೆ. ಬೋನ್ ಚೈನಾದಲ್ಲಿ ಅರ್ಧದಷ್ಟು ದನದ ಮೂಳೆಯ ಬೂದಿ. ಹೀಗಾಗಿ ಮಡಿಯ ಮನೆಗಳಲ್ಲಿ ಕಪ್ಪು-ಬಸಿ ಅಡುಗೆಮನೆಯ ಹೊಸ್ತಿಲಾಚೆ ಉಳಿಯಿತು. ಚಹಾದಂಗಡಿಯಲ್ಲಿ ದಲಿತರ ಕಪ್ಪನ್ನು ಬೇರೆ ಇಟ್ಟು, ಕುಡಿದವರಿಂದಲೇ ತೊಳೆಸಿದ ಕ್ರೌರ್ಯವೂ ಇದೇ ಬಿಳಿ ಪಿಂಗಾಣಿಯ ಮೇಲೆ ನಡೆದಿದೆ. ಈ ನೆನಪನ್ನು ಬಿಟ್ಟು, ತಳದ ಅಕ್ಷರವನ್ನಷ್ಟೇ ಬರೆದುಕೊಳ್ಳುವ ಸಂಗ್ರಹವನ್ನು ನಾನು ಪೂರ್ತಿ ಎನ್ನಲಾರೆ. ಇಂಗ್ಲೆಂಡಿನ ಸ್ಟೋಕ್‌ನ ಸಂಗ್ರಾಹಕನಿಗೆ ಗೊತ್ತಾಗದ ಈ ಅರ್ಧವನ್ನು ಬರೆಯಬೇಕಾದವರು ನಾವು.

ನೂರು ವರ್ಷ ದಾಟಿದ ಕಲಾವಸ್ತು, ಕುಶಲವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ತಡೆಯುತ್ತದೆ. ಮಾರಲು ಹೊರಟವರು ಇದನ್ನು ತಿಳಿದಿರಲಿ. ಇಟ್ಟುಕೊಳ್ಳುವವರು ಸೀಳು ಬಿಟ್ಟ ಬಸಿಗೆ ಬಿಸಿ ಚಹಾ ಹಾಕಬಾರದು, ಬಂಗಾರದ ಗೆರೆಯನ್ನು ಬೂದಿಯಿಂದ ತಿಕ್ಕಬಾರದು. ತಳಕ್ಕೆ ಅಂಟುಚೀಟಿ ಹಚ್ಚುವುದೂ ಬೇಡ. ಬೇರೆ ಕಾಗದದಲ್ಲಿ ಇದು ಯಾರ ಮನೆಯದು, ಯಾವ ಪೇಟೆಯಿಂದ ಬಂತು, ಇದರಲ್ಲಿ ಯಾರಿಗೆ ಚಹಾ ಕೊಡುತ್ತಿದ್ದರು, ಯಾರಿಗೆ ಕೊಡುತ್ತಿರಲಿಲ್ಲ ಎಂದು ಹಿರಿಯರನ್ನು ಕೇಳಿ ಬರೆದು, ಬಸಿಯ ಕೆಳಗೆ ಇಡಿ.